ಸರ್ಟಿಫಿಕೇಟ್ ಕೈಗೆ ಬಂತು, ಕೈ ಮಾತ್ರ ಪಳಗಲಿಲ್ಲ!

ನಮ್ಮ ಪರಿಚಯದ ಕಿರಾಣಿ ಅಂಗಡಿ ಸಾವ್ಕಾರರೊಬ್ಬರಿದ್ದಾರೆ. ಊರು ಯಾವುದೆಂದು ಕೇಳಬೇಡಿ. ಹಾವೇರಿ ಅನ್ನಿ, ರಾಣೆಬೆನ್ನೂರು ಅನ್ನಿ, ಬ್ಯಾಡಗಿ ಅನ್ನಿ, ಮೂರಕ್ಕೂ ಮಾತು ಒಂದೇ. ಅವರ ಅಂಗಡಿಯಲ್ಲಿ ಲಕ್ಷ್ಮೀ ಪಟದ ಪಕ್ಕಕ್ಕೆ ಹೊಸದೊಂದು ಚೌಕಟ್ಟು ತೂಗುಬಿದ್ದಿದೆ. ‘ಪ್ರಥಮ ಚಿಕಿತ್ಸೆ ಹಾಗೂ ಸಿಪಿಆರ್ ತರಬೇತಿಯನ್ನು ಯಶಸ್ವಿಯಾಗಿ ಪೂರೈಸಿದ್ದಾರೆ’ ಎಂದು ಬಂಗಾರದ ಬಣ್ಣದ ಅಕ್ಷರ, ಕೆಳಗೆ ಮೂರು ಸಹಿ, ಒಂದು ಶಿಕ್ಕಾ. ನೋಡಿ ಸಂತೋಷವಾಯಿತು. ಸುಮ್ಮನೆ ಇರಲಾರದೆ ಕೇಳಿದೆವು.

‘ಸಾವ್ಕಾರ್ರ, ಈಗ ನಾ ಇಲ್ಲೇ ದೊಪ್ಪಂತ ಬಿದ್ದೆ ಅಂತ ತಿಳೀರಿ. ಏನ್ ಮಾಡ್ತೀರಿ?’

‘ಮಾರಿಗೆ ನೀರ ಹೊಡೀತೀನ್ರಿ.’

‘ಆಮ್ಯಾಲೆ?’

‘ಆಮ್ಯಾಲೆ ಅದೇನೋ ಎದಿ ಒತ್ತೂದು ಹೇಳಿದ್ರಲ್ರೀ, ಅದನ್ನ ಮಾಡ್ತೀನಿ.’

‘ಎಲ್ಲಿ ಒತ್ತತೀರಿ, ತೋರಸ್ರಿ ನೋಡೂಣು.’

ಸಾವ್ಕಾರರು ಕೈಯಿಟ್ಟು ತೋರಿಸಿದರು. ಇಟ್ಟದ್ದು ಎಡಗಡೆ, ಅಂಗಿಯ ಕಿಸೆಯ ಮೇಲೆ! ‘ಹೃದಯ ಇಲ್ಲೇ ಐತೆಲ್ಲರೀ’ ಎಂಬ ಸಮರ್ಥನೆ ಬೇರೆ.

‘ತರಬೇತಿಯೊಳಗ ಬೊಂಬಿ ಮ್ಯಾಲೆ ಒತ್ತಿ ನೋಡಲಿಲ್ಲೇನು?’

‘ಬೊಂಬಿ ಒಂದ ಇತ್ರಿ. ಮಂದಿ ನೂರಾ ಇಪ್ಪತ್ತು. ನನ್ನ ಪಾಳಿ ಬರೂದ್ರಾಗ ಊಟಕ್ಕ ಕರದ್ರು. ಫೋಟೋ ಮಾತ್ರ ತೆಗಿಸ್ಕೊಂಡೆ ನೋಡ್ರಿ.’

ಇದರಲ್ಲಿ ಸಾವ್ಕಾರರ ತಪ್ಪೇನೂ ಇಲ್ಲ. ವ್ಯಾಪಾರದ ಹೊತ್ತು ಬಿಟ್ಟು, ಅಂಗಡಿ ಹುಡುಗನ ಕೈಗೆ ಕೊಟ್ಟು, ಕಲಿಯಬೇಕೆಂದೇ ಹೋದ ಮನುಷ್ಯ ಅವರು. ಕಲಿಸುವವರು ಕಲಿಸಲಿಲ್ಲ. ಸ್ವಾಗತ, ಪ್ರಾರ್ಥನೆ, ದೀಪ ಬೆಳಗುವುದು, ಹಾರ-ಶಾಲು, ಗಣ್ಯರ ನಾಲ್ಕು ಮಾತು, ಪರದೆಯ ಮೇಲೆ ಒಂದು ವಿಡಿಯೋ, ವಂದನಾರ್ಪಣೆ. ಇದೆಲ್ಲ ಕಳೆದು ಬೊಂಬೆಗೆ ಉಳಿದದ್ದು ಅರ್ಧ ತಾಸು ಎಂದು ಹಿಡಿಯಿರಿ. ನೂರಾ ಇಪ್ಪತ್ತು ಜನಕ್ಕೆ ಹಂಚಿದರೆ ತಲೆಗೆ ಹದಿನೈದು ಸೆಕೆಂಡು. ಹದಿನೈದು ಸೆಕೆಂಡಿನಲ್ಲಿ ತಕ್ಕಡಿ ಹಿಡಿಯುವುದನ್ನೂ ಯಾರೂ ಕಲಿಯುವುದಿಲ್ಲ. ಜೀವ ಹಿಡಿಯುವುದನ್ನು ಹೇಗೆ ಕಲಿತಾರು?

ಇವತ್ತಿನ ಮಾತು ಇದೇ. ಪ್ರಥಮ ಚಿಕಿತ್ಸೆ ತಲೆಗಿಂತ ಹೆಚ್ಚಾಗಿ ಕೈಗೆ ಸೇರಿದ ವಿದ್ಯೆ. ಭಾಷಣದಿಂದ ಅದು ಬರುವುದಿಲ್ಲ. ಕೈಯಿಂದ ಮಾಡಿ, ತಪ್ಪಿ, ತಿದ್ದಿಸಿಕೊಂಡು, ವರ್ಷ-ವರ್ಷ ಮತ್ತೆ ಮಾಡಿದರೆ ಮಾತ್ರ ಬರುತ್ತದೆ.

ನಮ್ಮ ಜಿಲ್ಲೆಗೇ ಯಾಕೆ?

2024ರ ಜೂನ್ 28ರ ಬೆಳಗಿನ ಜಾವವನ್ನು ನಮ್ಮ ಕಡೆಯವರು ಮರೆತಿರಲಾರರು. ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ತಿರ, ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯಲ್ಲಿ, ನಿಂತ ಲಾರಿಗೆ ಟಿಟಿ ವಾಹನವೊಂದು ಹಿಂದಿನಿಂದ ಅಪ್ಪಳಿಸಿತು. ದೇವರ ದರ್ಶನ ಮುಗಿಸಿ ಊರಿಗೆ ಹೊರಟಿದ್ದ ಭದ್ರಾವತಿ ತಾಲೂಕಿನ ಎಮ್ಮೆಹಟ್ಟಿಯ ಜನ. ಸತ್ತವರು 13.

ಇಲ್ಲಿ ಒಂದು ಮಾತು ನೇರವಾಗಿ ಹೇಳಿಬಿಡಬೇಕು. ಅಂಥ ಅಪಘಾತದಲ್ಲಿ ಹೆಚ್ಚಿನವರು ಸ್ಥಳದಲ್ಲೇ ಹೋಗಿಬಿಡುತ್ತಾರೆ. ಯಾವ ತರಬೇತಿಯೂ, ಯಾವ ಡಾಕ್ಟರೂ ಅವರನ್ನು ಉಳಿಸಲಾರರು. ‘ಸಿಪಿಆರ್ ಬಂದಿದ್ದರೆ ಎಲ್ಲಾರೂ ಬದುಕ್ತಿದ್ರು’ ಎಂದು ಹೇಳುವವನು ಸುಳ್ಳು ಹೇಳುತ್ತಾನೆ. ಆದರೆ ಎಲ್ಲ ಅಪಘಾತವೂ ಅಷ್ಟು ಭೀಕರವಾಗಿರುವುದಿಲ್ಲ. ಅಂಥಾದ್ದರಲ್ಲೂ ಜೀವ ಹಿಡಿದು ನರಳುತ್ತಿರುವವರು ಇರುತ್ತಾರೆ. ರಕ್ತ ಹರಿಯುವುದನ್ನು ಯಾರಾದರೂ ಒತ್ತಿ ಹಿಡಿದಿದ್ದರೆ, ಪ್ರಜ್ಞೆ ತಪ್ಪಿದವನನ್ನು ಪಕ್ಕಕ್ಕೆ ಹೊರಳಿಸಿ ಉಸಿರಿನ ದಾರಿ ಬಿಡಿಸಿದ್ದರೆ ಉಳಿಯುತ್ತಿದ್ದ ಜೀವಗಳ ಲೆಕ್ಕ ಯಾವ ದಫ್ತರದಲ್ಲೂ ಇಲ್ಲ.

ಹೆದ್ದಾರಿ ಒಂದೇ ಅಲ್ಲ. ಹಾವೇರಿ ಹತ್ತಿರದ ಆಲದಕಟ್ಟಿಯಲ್ಲಿ 2023ರ ಆಗಸ್ಟಿನಲ್ಲಿ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದು ಕಾರ್ಮಿಕರು ಸತ್ತರು. 2025ರ ದೀಪಾವಳಿಯಲ್ಲಿ ಹೋರಿ ತಿವಿದು ನಮ್ಮ ಜಿಲ್ಲೆಯಲ್ಲೇ ಜನ ಜೀವ ಕಳಕೊಂಡರು. ತುಂಗಭದ್ರಾ, ವರದಾ ಹೊಳೆಗಳಲ್ಲಿ ಈಜಲು ಇಳಿಯುವ ಹುಡುಗರು, ಗೋವಿನಜೋಳದ ಹೊಲದಲ್ಲಿ ಹಾವು ಕಚ್ಚಿಸಿಕೊಳ್ಳುವ ರೈತರು, ಮೋಟಾರಿನ ಸ್ವಿಚ್ಚು ಮುಟ್ಟಿ ಕರೆಂಟು ಹೊಡೆಸಿಕೊಳ್ಳುವವರು, ಮೆಣಸಿನಕಾಯಿ ಚೀಲ ಹೊತ್ತು ಬಿಸಿಲಿನಲ್ಲಿ ತಿರುಗುವ ಹಮಾಲರು. ಇವರೆಲ್ಲ ಬೀಳುವ ಜಾಗದಲ್ಲಿ ಡಾಕ್ಟರು ಇರುವುದಿಲ್ಲ. ಇರುವವರು ನಾವು ನೀವೇ.

ದೊಡ್ಡ ಆಸ್ಪತ್ರೆಗಳ ಮಾತು ಹೇಳುವುದಾದರೆ, ಹಾವೇರಿಯಿಂದ ಹುಬ್ಬಳ್ಳಿಯೂ ಎಪ್ಪತ್ತು-ಎಂಬತ್ತು ಕಿಲೋಮೀಟರು, ದಾವಣಗೆರೆಯೂ ಹೆಚ್ಚುಕಡಿಮೆ ಅಷ್ಟೇ. ನಮಗೆ ಜಿಲ್ಲಾ ಆಸ್ಪತ್ರೆ ಇದೆ, ತಾಲೂಕು ಆಸ್ಪತ್ರೆಗಳಿವೆ, 2022-23ರಿಂದ ಸರ್ಕಾರಿ ಮೆಡಿಕಲ್ ಕಾಲೇಜೂ ಬಂದಿದೆ. 2008ರ ನವೆಂಬರ್ 1ರಿಂದ 108 ಗಾಡಿ ಓಡುತ್ತಿದೆ. ಎಲ್ಲ ಸರಿ. ಆದರೆ ಗಾಡಿ ಎಷ್ಟು ಜೋರಾಗಿ ಬಂದರೂ ಬರುವುದಕ್ಕೆ ಹೊತ್ತು ಬೇಕು. ಫೋನು ಮಾಡಿದ ಗಳಿಗೆಯಿಂದ ಗಾಡಿ ಬಂದು ನಿಲ್ಲುವ ಗಳಿಗೆಯವರೆಗಿನ ಹೊತ್ತು ಸರ್ಕಾರದ್ದಲ್ಲ, ನಮ್ಮದು.

ಹೃದಯಾಘಾತ ಬೇರೆ, ಹೃದಯ ನಿಲ್ಲುವುದು ಬೇರೆ

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡಾಗ ಇಡೀ ನಾಡು ಎದೆ ಮುಟ್ಟಿ ನೋಡಿಕೊಂಡಿತು. 2025ರ ಜೂನ್-ಜುಲೈನಲ್ಲಿ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ದಿನಾ ಬರತೊಡಗಿದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಪರೀಕ್ಷಿಸಿ, ಹಿಂದಿನದಕ್ಕೆ ಹೋಲಿಸಿದರೆ ಅಸಹಜ ಏರಿಕೆಯೇನೂ ಇಲ್ಲ ಎಂದಿತು. ಭಯ ಸ್ವಲ್ಪ ಇಳಿಯಿತು. ಆದರೆ ಆ ಭಯದಲ್ಲಿ ಸಾಲುಗಟ್ಟಿದವರಲ್ಲಿ ಎಷ್ಟು ಜನ ಎದೆ ಒತ್ತುವುದನ್ನು ಕಲಿತರು?

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಹೃದಯಾಘಾತ ಅಂದರೆ ಹೃದಯಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುವುದು. ಮನುಷ್ಯ ಎಚ್ಚರವಾಗಿರುತ್ತಾನೆ, ಎದೆ ಹಿಂಡಿದ ಹಾಗೆ ಆಗುತ್ತದೆ, ಬೆವರುತ್ತಾನೆ, ಎಡಗೈ-ದವಡೆ ನೋಯುತ್ತದೆ. ಅವನ ಎದೆ ಒತ್ತಬಾರದು. ಆರಾಮಾಗಿ ಕೂಡಿಸಿ, 108ಕ್ಕೆ ಫೋನು ಮಾಡಿ, ಇಸಿಜಿ ಇರುವ ಆಸ್ಪತ್ರೆಗೆ ಮುಟ್ಟಿಸಬೇಕು. ‘ಗ್ಯಾಸ್ ಆಗೈತಿ’ ಎಂದು ಸೋಡಾ ಕುಡಿಸುತ್ತ ಕೂಡಬಾರದು. ಪುನೀತ್ ಹೆಸರಿನಲ್ಲೇ ಸರ್ಕಾರ ನಡೆಸುವ ‘ಹೃದಯ ಜ್ಯೋತಿ’ ಯೋಜನೆ ಇರುವುದು ಇದಕ್ಕೇ. ತಾಲೂಕು ಮಟ್ಟದ ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಬೇಕಾದವರಿಗೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಪುಕ್ಕಟೆ ಕೊಡುವುದು ಅದರ ಉದ್ದೇಶ.

ಹೃದಯಸ್ತಂಭನ ಅಂದರೆ ಹೃದಯದ ಬಡಿತವೇ ನಿಂತುಬಿಡುವುದು. ಮನುಷ್ಯ ಕುಸಿದು ಬೀಳುತ್ತಾನೆ, ಕರೆದರೆ ಓಗೊಡುವುದಿಲ್ಲ, ಉಸಿರಾಡುವುದಿಲ್ಲ. ಇವನಿಗೇ ಎದೆ ಒತ್ತಬೇಕು, ಅದೂ ತಕ್ಷಣ. ಏನೂ ಮಾಡದೆ ಬಿಟ್ಟರೆ ಪ್ರತಿ ನಿಮಿಷಕ್ಕೆ ಬದುಕುವ ಅವಕಾಶ ನೂರಕ್ಕೆ ಏಳರಿಂದ ಹತ್ತರಷ್ಟು ಕಡಿಮೆಯಾಗುತ್ತ ಹೋಗುತ್ತದೆ ಎಂಬುದು ವೈದ್ಯಲೋಕ ಒಪ್ಪಿದ ಲೆಕ್ಕ. ಹತ್ತು ನಿಮಿಷಕ್ಕೆ ಲೆಕ್ಕ ಏನಾಯಿತೆಂದು ಅಂಗಡಿಕಾರರಿಗೆ ಹೇಳಿಕೊಡಬೇಕಾಗಿಲ್ಲ.

ಇಲ್ಲೊಂದು ಮೋಸವೂ ಇದೆ. ಹೃದಯ ನಿಂತವನು ಮೊದಲ ಕೆಲವು ನಿಮಿಷ ಮೀನಿನ ಹಾಗೆ ಬಾಯಿ ತೆರೆದು ಆಗೊಮ್ಮೆ ಈಗೊಮ್ಮೆ ಗೊರಕ್ ಎಂದು ಉಸಿರೆಳೆಯಬಹುದು. ‘ಉಸಿರೈತಿ, ಏನೂ ಆಗಿಲ್ಲ, ಗಾಳಿ ಬಿಡ್ರಿ’ ಎಂದು ಮಂದಿ ಸುತ್ತ ನಿಲ್ಲುವುದು ಇದನ್ನು ನೋಡಿಯೇ. ಅದು ಉಸಿರಲ್ಲ. ಅದು ಕಡೆಯ ಎಳೆತ. ಆಗಲೇ ಒತ್ತಲು ಆರಂಭಿಸಬೇಕು. ಇದನ್ನು ಹಾಳೆಯಲ್ಲಿ ಓದಿದವನಿಗೆ ಆ ಗಳಿಗೆಯಲ್ಲಿ ನೆನಪಾಗುವುದಿಲ್ಲ. ಒಳ್ಳೆಯ ತರಬೇತುದಾರ ಆ ಗೊರಕೆಯನ್ನು ಮಾಡಿ ತೋರಿಸುತ್ತಾನೆ. ಕಂಡವನು ಮರೆಯುವುದಿಲ್ಲ.

ಕೈ ಮಾಡಬೇಕಾದ ಕೆಲಸ

ಎದೆ ಒತ್ತುವುದು ಅಂದರೆ ಎಷ್ಟು ದುಡಿಮೆ ಗೊತ್ತೇ? ಎದೆಯ ನಟ್ಟನಡುವೆ, ಎದೆಮೂಳೆಯ ಕೆಳಗಿನ ಅರ್ಧಕ್ಕೆ, ಅಂಗೈಯ ಬುಡ ಇಡಬೇಕು. ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಚದೆ, ಹೆಗಲು ಕೈಯ ನೇರಕ್ಕೆ ತಂದು, ಮೈಯ ಭಾರ ಬಿಟ್ಟು ಒತ್ತಬೇಕು. ದೊಡ್ಡವರಿಗೆ ಆಳ 5ರಿಂದ 6 ಸೆಂಟಿಮೀಟರು. ವೇಗ ನಿಮಿಷಕ್ಕೆ 100ರಿಂದ 120. ಪ್ರತಿ ಸಲ ಒತ್ತಿದ ಮೇಲೆ ಎದೆ ಪೂರಾ ಮೇಲೇಳಲು ಬಿಡಬೇಕು. ನಡುವೆ ನಿಲ್ಲಿಸಬಾರದು. ಕಲಿತವರು ಮೂವತ್ತು ಒತ್ತಿಗೆ ಎರಡು ಸಲ ಬಾಯಿಂದ ಉಸಿರು ಕೊಡುತ್ತಾರೆ. ಉಸಿರು ಕೊಡಲು ಬಾರದವರು, ಮನಸ್ಸಿಲ್ಲದವರು ಬರೀ ಒತ್ತಿದರೂ ಸಾಕು, ಸುಮ್ಮನಿರಬಾರದು. ನಮ್ಮ ದೇಶದ ಅರಿವಳಿಕೆ ತಜ್ಞರು ಸಾಮಾನ್ಯ ಜನರಿಗಾಗಿ ರೂಪಿಸಿದ ಕ್ರಮವೂ ಈ ಬರೀ ಒತ್ತುವ ಕ್ರಮವೇ. ಆದರೆ ನೀರಿನಲ್ಲಿ ಮುಳುಗಿದವರಿಗೆ, ಚಿಕ್ಕ ಮಕ್ಕಳಿಗೆ ಉಸಿರೂ ಬೇಕೇ ಬೇಕು. ಹೊಳೆಯ ದಂಡೆಯ ಊರಿನವರು ಅದನ್ನು ಬಿಟ್ಟು ಕಲಿತರೆ ಅರ್ಧ ಕಲಿತ ಹಾಗೆ.

ಇನ್ನು ಲೆಕ್ಕ ಹಾಕಿ. ಗಾಡಿ ಬರುವುದು ಹತ್ತು ನಿಮಿಷ ಎಂದು ಹಿಡಿದರೂ ಸಾವಿರದಿಂದ ಸಾವಿರದ ಇನ್ನೂರು ಸಲ ಒತ್ತಬೇಕು. ಚೀಲ ಹೊರುವ ಹಮಾಲನಿಗೂ ಎರಡು ನಿಮಿಷಕ್ಕೆ ತೋಳು ಸೋಲುತ್ತದೆ, ಒತ್ತು ಹಗುರವಾಗುತ್ತದೆ. ಆದ್ದರಿಂದ ಎರಡೆರಡು ನಿಮಿಷಕ್ಕೆ ಕೈ ಬದಲಾಗಬೇಕು. ಹೀಗಾಗಿ ಓಣಿಗೊಬ್ಬ ಕಲಿತರೆ ಸಾಲದು, ಸಾಲಿನ ನಾಲ್ಕು ಅಂಗಡಿಯವರು ಕಲಿತಿರಬೇಕು. ಒಬ್ಬನ ಗೋಡೆಗೆ ಸರ್ಟಿಫಿಕೇಟು ಇದ್ದರೆ ಬಿದ್ದವನಿಗೆ ಉಪಯೋಗವಿಲ್ಲ.

5 ಸೆಂಟಿಮೀಟರು ಅಂದರೆ ಎಷ್ಟು ಗಟ್ಟಿಯಾಗಿ ಒತ್ತಬೇಕೆಂದು ಯಾವ ವಿಡಿಯೋ ಹೇಳೀತು? ಮೊದಲ ಸಲ ಬೊಂಬೆ ಒತ್ತಿದವರು ಬಹುಮಂದಿ ‘ಇಷ್ಟು ಜೋರಾಗೇನ್ರಿ?’ ಎಂದು ಹೌಹಾರುತ್ತಾರೆ. ಪಕ್ಕೆಲುಬು ಮುರಿದೀತೆಂಬ ಹೆದರಿಕೆಯಿಂದ ಮೆಲ್ಲಗೆ ಒತ್ತುತ್ತಾರೆ. ಮುರಿದರೂ ಮುರಿಯಬಹುದು. ಮುರಿದ ಎಲುಬು ಕೂಡುತ್ತದೆ, ಹೋದ ಜೀವ ಬರುವುದಿಲ್ಲ. ಈ ಧೈರ್ಯ ಕೈಗೆ ಬರುವುದು ಬೊಂಬೆಯ ಮೇಲೆ ಹತ್ತಿಪ್ಪತ್ತು ನಿಮಿಷ ಬೆವರಿದ ಮೇಲೆಯೇ.

ಬೊಂಬೆ ಬಂದದ್ದೇ ಭಾಷಣ ಸಾಲದೆ

ಈಗ ನಾವು ಮಾಡುವ ರೀತಿಯ ಎದೆ ಒತ್ತುವಿಕೆಯನ್ನು ವೈದ್ಯಲೋಕದ ಮುಂದಿಟ್ಟವರು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಕೌವೆನ್‌ಹೋವನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು, 1960ರಲ್ಲಿ. ಎದೆ ಕೊಯ್ಯದೆ, ಎರಡು ಕೈಗಳಿಂದಲೇ ರಕ್ತ ಓಡಿಸಬಹುದೆಂದು ಅವರು ತೋರಿಸಿದರು. ಆದರೆ ಜನಕ್ಕೆ ಕಲಿಸುವುದು ಹೇಗೆ? ಬದುಕಿದ ಮನುಷ್ಯನ ಎದೆ ಒತ್ತಿ ಕಲಿಯುವ ಹಾಗಿಲ್ಲ. ಆಗ ಕೈಗೂಡಿದವನು ನಾರ್ವೆ ದೇಶದ ಲೇರ್ಡಾಲ್ ಎಂಬ ಆಟಿಕೆ ತಯಾರಕ. ಮನುಷ್ಯನ ಗಾತ್ರದ ಬೊಂಬೆ ಮಾಡಿಕೊಟ್ಟ. ಅದೇ ‘ಆ್ಯನ್’ ಬೊಂಬೆ. ಹೇಳುವುದರಿಂದ, ತೋರಿಸುವುದರಿಂದ ಈ ವಿದ್ಯೆ ಬರುವುದಿಲ್ಲವೆಂದು ಆರಂಭದಲ್ಲೇ ಗೊತ್ತಾಗಿದ್ದಕ್ಕೆ ಬೊಂಬೆ ಹುಟ್ಟಿತು. ಆರು ದಶಕಗಳ ಮೇಲೆ ನಾವು ಬೊಂಬೆಯನ್ನು ಮೂಲೆಗಿಟ್ಟು ಮತ್ತೆ ಭಾಷಣಕ್ಕೆ ಬಂದಿದ್ದೇವೆ!

2023ರ ಡಿಸೆಂಬರ್ 6ರಂದು ರಾಷ್ಟ್ರೀಯ ವೈದ್ಯಕೀಯ ವಿಜ್ಞಾನಗಳ ಪರೀಕ್ಷಾ ಮಂಡಳಿ ದೇಶವ್ಯಾಪಿ ಸಿಪಿಆರ್ ಕಾರ್ಯಕ್ರಮ ನಡೆಸಿತು. ಆನ್‌ಲೈನ್ ಮೂಲಕ 20 ಲಕ್ಷಕ್ಕೂ ಹೆಚ್ಚು ಜನ ಭಾಗವಹಿಸಿದರು. ಒಳ್ಳೆಯ ಕೆಲಸ, ಬೇಡವೆನ್ನುವುದಿಲ್ಲ. ಇಂಥದೊಂದು ವಿದ್ಯೆ ಇದೆ ಎಂದಾದರೂ ಜನಕ್ಕೆ ತಿಳಿಯಿತು. ಆದರೆ ಅದನ್ನು ಜಾಗೃತಿ ಎನ್ನಬೇಕು, ತರಬೇತಿ ಎನ್ನಬಾರದು. ಈಜುವುದು ಒಳ್ಳೆಯದು ಎಂದು ತಿಳಿದವನನ್ನು ಹೊಳೆಗೆ ಇಳಿಸುತ್ತೀರೇನು?

ಪಟ್ಟುಹಿಡಿದು ಕಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಡೆನ್ಮಾರ್ಕ್ ದೇಶ ಸಾಕ್ಷಿ. ಅಲ್ಲಿ 2005ರಿಂದ ಶಾಲೆಯಲ್ಲಿ ಕಡ್ಡಾಯ, 2006ರಿಂದ ಡ್ರೈವಿಂಗ್ ಲೈಸೆನ್ಸಿಗೆ ಕಡ್ಡಾಯ. 2001ರಲ್ಲಿ ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ನೂರಕ್ಕೆ ಸುಮಾರು 21 ಜನಕ್ಕೆ ದಾರಿಹೋಕರಿಂದ ಸಿಪಿಆರ್ ಸಿಗುತ್ತಿತ್ತು. 2010ರ ಹೊತ್ತಿಗೆ ಅದು ಸುಮಾರು 45ಕ್ಕೆ ಏರಿತು. ಒಂದು ತಿಂಗಳು ಬದುಕುಳಿದವರ ಪ್ರಮಾಣ ನೂರಕ್ಕೆ ಮೂರೂವರೆಯಿಂದ ಹತ್ತಕ್ಕಿಂತ ಮೇಲೆ ಹೋಯಿತು. ಆಸ್ಪತ್ರೆ, ಆ್ಯಂಬುಲೆನ್ಸ್ ಸುಧಾರಣೆಯೂ ಅದರಲ್ಲಿ ಸೇರಿದೆ ಎನ್ನಿ. ಹತ್ತು ಅಂದರೆ ಕಡಿಮೆಯೇ ಎಂದು ಮೂಗು ಮುರಿಯಬೇಡಿ. ಹತ್ತರಲ್ಲಿ ಒಬ್ಬ ನಿಮ್ಮ ಮನೆಯವನಾದರೆ?

ಕೀಲಿಕೈ, ಕಾಫಿಪುಡಿ, ಬ್ಲೇಡು

ಸಿಪಿಆರ್ ಒಂದೇ ಪ್ರಥಮ ಚಿಕಿತ್ಸೆಯಲ್ಲ. ನಮ್ಮ ಬಜಾರಿನ ಪ್ರಥಮ ಚಿಕಿತ್ಸೆ ಹೇಗಿದೆ ನೋಡಿ. ಫಿಟ್ಸ್ ಬಂದವನ ಕೈಗೆ ಕೀಲಿಕೈ ಗೊಂಚಲು, ಮೂಗಿಗೆ ಉಳ್ಳಾಗಡ್ಡಿ. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟು. ಕೊಯ್ದ ಗಾಯಕ್ಕೆ ಕಾಫಿಪುಡಿ. ಹಾವು ಕಚ್ಚಿದಲ್ಲಿ ಬ್ಲೇಡು. ಪ್ರಜ್ಞೆ ತಪ್ಪಿದವನ ಬಾಯಿಗೆ ನೀರು. ಅಪಘಾತದವನನ್ನು ಇಬ್ಬರು ಕೈಗೆ, ಇಬ್ಬರು ಕಾಲಿಗೆ ಹಿಡಿದು ಮೂಟೆಯ ಹಾಗೆ ಆಟೋಕ್ಕೆ ತುಂಬುವುದು.

ಎಲ್ಲವೂ ಒಳ್ಳೆಯ ಮನಸ್ಸಿನಿಂದ ಮಾಡುವುದೇ. ಆದರೆ ಫಿಟ್ಸ್‌ಗೆ ಕೀಲಿಕೈಯಿಂದ ಏನೂ ಆಗುವುದಿಲ್ಲ. ಸುತ್ತಲಿನ ಗಟ್ಟಿ ಸಾಮಾನು ಸರಿಸಿ, ಬಾಯಿಗೆ ಏನನ್ನೂ ತುರುಕದೆ, ನಡುಕ ನಿಂತ ಮೇಲೆ ಪಕ್ಕಕ್ಕೆ ಹೊರಳಿಸಬೇಕು. ಸುಟ್ಟ ಗಾಯದ ಮೇಲೆ ಇಪ್ಪತ್ತು ನಿಮಿಷ ತಣ್ಣೀರು ಹರಿಯಬೇಕು, ಮತ್ತೇನೂ ಬೇಡ. ರಕ್ತ ಹರಿಯುತ್ತಿದ್ದರೆ ಸ್ವಚ್ಛ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು ಬಿಡದೆ ಕೂಡಬೇಕು. ಬಟ್ಟೆ ತೊಯ್ದರೆ ಅದರ ಮೇಲೆ ಇನ್ನೊಂದು ಬಟ್ಟೆ. ತೆಗೆತೆಗೆದು ನೋಡಬಾರದು. ಹಾವು ಕಚ್ಚಿದರೆ ಕೊಯ್ಯಬಾರದು, ಹೀರಬಾರದು, ಹಗ್ಗದಿಂದ ಬಿಗಿಯಬಾರದು. ಕಚ್ಚಿದ ಕೈಕಾಲು ಅಲುಗದಂತೆ ಕಟ್ಟಿ, ನಡೆಸದೆ, ನೇರ ಆಸ್ಪತ್ರೆಗೆ ಒಯ್ಯಬೇಕು. 2024ರ ಫೆಬ್ರುವರಿಯಿಂದ ನಮ್ಮ ರಾಜ್ಯದಲ್ಲಿ ಹಾವು ಕಚ್ಚಿದ ಪ್ರತಿ ಪ್ರಕರಣವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಬೇಕೆಂಬ ನಿಯಮ ಬಂದಿದೆ. ಬ್ಲೇಡು ಹಿಡಿದವರಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಓದುವಾಗ ಇದೆಲ್ಲ ಸುಲಭ. ಆದರೆ ಬೆನ್ನೆಲುಬಿಗೆ ಪೆಟ್ಟಾದವನನ್ನು ನಾಲ್ಕು ಜನ ಸೇರಿ ಒಂದೇ ಅಳತೆಗೆ ಎತ್ತುವುದು ನಾಲ್ಕು ಸಲ ಎತ್ತಿ ನೋಡದೆ ಬರುವುದಿಲ್ಲ. ಅದಕ್ಕೇ ಕೈಯ ವಿದ್ಯೆ ಎನ್ನುವುದು.

‘ಮುಟ್ಟಬ್ಯಾಡ್ರಿ, ಕೇಸ್ ಆಕ್ಕೈತಿ!’

ಇದು ನಮ್ಮಲ್ಲಿ ಎಲ್ಲಕ್ಕಿಂತ ಮೊದಲು ಕೇಳುವ ಮಾತು. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕು ಮೈ ಎರಡಾಗಿದ್ದ ಹರೀಶ್ ಎಂಬ ಯುವಕ, ಸಾಯುವ ಮುನ್ನ ಕಣ್ಣು ದಾನ ಮಾಡಿರೆಂದು ಬೇಡಿಕೊಂಡ. ಅವನ ಹೆಸರಿನಲ್ಲೇ ಆ ವರ್ಷ ರಾಜ್ಯದಲ್ಲಿ ಅಪಘಾತ ಗಾಯಾಳುಗಳಿಗೆ ಮೊದಲ 48 ತಾಸಿನ ಉಚಿತ ಚಿಕಿತ್ಸೆಯ ಯೋಜನೆ ಬಂತು. ವರ್ಷ ತುಂಬುವುದರೊಳಗೆ, 2017ರ ಫೆಬ್ರುವರಿ 1ರಂದು, ಕೊಪ್ಪಳದಲ್ಲಿ ಸೈಕಲ್ ಮೇಲೆ ಹೊರಟಿದ್ದ ಹುಡುಗ ಬಸ್ಸಿಗೆ ಸಿಕ್ಕು ರಕ್ತದ ಮಡುವಿನಲ್ಲಿ ನೆರವು ಬೇಡುತ್ತಿದ್ದರೆ, ನಿಂತ ಮಂದಿ ಮೊಬೈಲಿನಲ್ಲಿ ಚಿತ್ರ ತೆಗೆದರು. ಹುಡುಗ ಉಳಿಯಲಿಲ್ಲ.

ಮಂದಿಗೆ ಮನುಷ್ಯತ್ವ ಇಲ್ಲ ಎಂದು ಆಗ ಎಲ್ಲರೂ ಬೈದರು. ಬೈದದ್ದು ಸರಿಯೇ. ಆದರೆ ಇನ್ನೊಂದು ಮಾತೂ ಇದೆ. ಏನು ಮಾಡಬೇಕೆಂದು ಗೊತ್ತಿಲ್ಲದ ಕೈ ಮೊಬೈಲು ಹಿಡಿಯುತ್ತದೆ. ಆ ಗುಂಪಿನಲ್ಲಿ ಇಬ್ಬರಿಗೆ ರಕ್ತ ಒತ್ತಿ ಹಿಡಿಯುವುದು ಕೈಗೆ ಬಂದಿದ್ದರೆ ಅವರು ಚಿತ್ರ ತೆಗೆಯುತ್ತ ನಿಲ್ಲುತ್ತಿದ್ದರೇ?

ಇನ್ನು ಕೇಸಿನ ಹೆದರಿಕೆ. ಅದು ಹಳೇ ಕಾಲದ್ದು, ಇನ್ನು ಬಿಡಿ. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ನೆರವಿಗೆ ಬಂದವರನ್ನು ಕಾಡಬಾರದೆಂಬ ಮಾರ್ಗಸೂಚಿಗೆ ಒಪ್ಪಿಗೆ ಕೊಟ್ಟಿತು. ಕರ್ನಾಟಕ ಇದಕ್ಕೆಂದೇ ಕಾಯ್ದೆ ಮಾಡಿ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆಯಿತು. 2019ರ ಮೋಟಾರು ವಾಹನ ತಿದ್ದುಪಡಿಯ 134ಎ ಕಲಮು ಅಪಘಾತದಲ್ಲಿ ಒಳ್ಳೆಯ ಮನಸ್ಸಿನಿಂದ ನೆರವಾದವನ ಮೇಲೆ ಹೊಣೆ ಹೊರಿಸುವಂತಿಲ್ಲ ಎನ್ನುತ್ತದೆ. ಹೆಸರು ಹೇಳೆಂದು ಬಲವಂತ ಮಾಡುವಂತಿಲ್ಲ. ಗಂಭೀರ ಗಾಯಾಳುವನ್ನು ಮೊದಲ ಒಂದು ತಾಸಿನೊಳಗೆ ಆಸ್ಪತ್ರೆಗೆ ಮುಟ್ಟಿಸಿ ಜೀವ ಉಳಿಸಿದವರಿಗೆ ಕೇಂದ್ರ ಸರ್ಕಾರ ಕೊಡುವ ಬಹುಮಾನ 2025ರಲ್ಲಿ 5 ಸಾವಿರದಿಂದ 25 ಸಾವಿರ ರೂಪಾಯಿಗೆ ಏರಿದೆ. ಕಾನೂನು ನಮ್ಮ ಬೆನ್ನಿಗಿದೆ. ಮುಂದೆ ಹೋಗಬೇಕಾದದ್ದು ಕೈ.

ಪೆಟ್ಟಿಗೆ ಇದೆ, ಕೈ ಎಲ್ಲಿ?

ಇದೇನೂ ಹೊಸ ಮಾತಲ್ಲ. 1948ರ ಕಾರ್ಖಾನೆ ಕಾಯ್ದೆಯೇ 150 ಕೆಲಸಗಾರರಿಗೆ ಒಂದರಂತೆ ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇರಬೇಕು, ಅದು ತರಬೇತಿ ಪಡೆದು ಸರ್ಟಿಫಿಕೇಟು ಇರುವವನ ವಶದಲ್ಲಿರಬೇಕು ಎಂದು ಬರೆದಿಟ್ಟಿತ್ತು. ಕಾಯ್ದೆ ಬರೆದವರಿಗೆ ಆಗಲೇ ಗೊತ್ತಿತ್ತು, ಬರೀ ಪೆಟ್ಟಿಗೆಯಿಂದ ಜೀವ ಉಳಿಯುವುದಿಲ್ಲವೆಂದು. ಬಸ್ ಕಂಡಕ್ಟರ್ ಲೈಸೆನ್ಸ್ ಬೇಕಾದರೆ ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟ್ ಕೊಡಬೇಕೆಂಬ ಪದ್ಧತಿಯೂ ಹಳೆಯದೇ. ಆದರೆ ಸೇವೆಗೆ ಸೇರುವಾಗ ಒಂದು ಸಲ ಕಲಿತದ್ದು ಇಪ್ಪತ್ತು ವರ್ಷ ಉಳಿದೀತೇ? ಅಭ್ಯಾಸವಿಲ್ಲದ ಸಿಪಿಆರ್ ಕೆಲವೇ ತಿಂಗಳಲ್ಲಿ ಕೈಬಿಡುತ್ತದೆ ಎಂದು ಪರೀಕ್ಷೆ ಮಾಡಿದವರೆಲ್ಲ ಹೇಳಿದ್ದಾರೆ.

ಬಸ್ಸಿನಲ್ಲಿ ಕೂತಾಗ ನೀವೇ ಒಮ್ಮೆ ಡ್ರೈವರ್ ಹತ್ತಿರದ ಪ್ರಥಮ ಚಿಕಿತ್ಸೆ ಪೆಟ್ಟಿಗೆ ನೋಡಿ. ಕೆಲವಲ್ಲಿ ಔಷಧವಿದೆ, ಕೆಲವಲ್ಲಿ ಟಿಕೆಟ್ ಚೂರು, ಬೀಡಿಕಟ್ಟು. ಇನ್ನು ಹೃದಯಕ್ಕೆ ಕರೆಂಟಿನ ಪೆಟ್ಟು ಕೊಡುವ ಎಇಡಿ ಯಂತ್ರಗಳನ್ನು ಜನ ಸೇರುವ ಕಡೆ ಇಡುವ ಮಾತೂ ಕೇಳಿಬರುತ್ತಿದೆ. ಬರಲಿ. ಆದರೆ ಯಂತ್ರ ಗಾಜಿನ ಕಪಾಟಿನಲ್ಲಿ, ಕೀಲಿಕೈ ಸಾಹೇಬರ ಕಿಸೆಯಲ್ಲಿ, ಸಾಹೇಬರು ಮೀಟಿಂಗಿನಲ್ಲಿ ಎಂದಾಗಬಾರದು.

ಏನು ಮಾಡಬಹುದು?

ಕೋಟಿ ರೂಪಾಯಿಯ ಕೆಲಸವೇನೂ ಅಲ್ಲ. ಆರು ಜನಕ್ಕೆ ಒಂದು ಬೊಂಬೆ, ಒಂದು ತಂಡಕ್ಕೆ 24 ಜನ, ನಾಲ್ಕು ಬೊಂಬೆ, ಕೈಕೆಲಸಕ್ಕೇ ಎರಡು ತಾಸು. ಆಗ ಒಬ್ಬೊಬ್ಬನಿಗೆ ಬೊಂಬೆಯ ಮೇಲೆ ಇಪ್ಪತ್ತು ನಿಮಿಷ ಸಿಗುತ್ತದೆ. ನಮ್ಮ ಸಾವ್ಕಾರರಿಗೆ ಸಿಗಬೇಕಿದ್ದ ಹದಿನೈದು ಸೆಕೆಂಡಿಗೂ ಇಪ್ಪತ್ತು ನಿಮಿಷಕ್ಕೂ ಎಷ್ಟು ಅಂತರ ನೋಡಿ. ಆರು ತಿಂಗಳಿಗೊಮ್ಮೆ ಅದೇ ಜನಕ್ಕೆ ಅರ್ಧ ತಾಸು ಮರು ಅಭ್ಯಾಸ. ಹಾರ-ಶಾಲಿನ ಖರ್ಚು ಉಳಿಸಿದರೆ ಬೊಂಬೆಯ ಖರ್ಚಿಗೆ ದಾರಿಯಾಗುತ್ತದೆ.

ಹಾವೇರಿಯಲ್ಲಿ ಮೆಡಿಕಲ್ ಕಾಲೇಜು, ಜಿಲ್ಲಾ ಆಸ್ಪತ್ರೆ ಎರಡೂ ಇವೆ. ಅಲ್ಲಿಯ ತಜ್ಞರು ಮೊದಲು ಊರಿಗೆ ಹತ್ತು-ಹನ್ನೆರಡು ತರಬೇತುದಾರರನ್ನು ತಯಾರು ಮಾಡಲಿ. ನರ್ಸುಗಳು, 108ರ ಸಿಬ್ಬಂದಿ, ಹೈಸ್ಕೂಲಿನ ಪಿ.ಟಿ. ಮಾಸ್ತರರು ಸಾಕು. ವಾಯವ್ಯ ಕರ್ನಾಟಕ ಸಾರಿಗೆಯ ಹಾವೇರಿ ವಿಭಾಗ ತನ್ನ ಡ್ರೈವರ್-ಕಂಡಕ್ಟರ್‌ಗಳಿಗೆ ಡಿಪೋದಲ್ಲೇ ಪಾಳಿ ಹಚ್ಚಲಿ.

ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ಪೇಟೆ. ಸೀಜನ್ನಿನಲ್ಲಿ ಆ ದಿನ ಉಸಿರಾಡಲೂ ಹೊತ್ತಿರುವುದಿಲ್ಲ. ಉಳಿದ ದಿನ ಇವೆಯಲ್ಲ? ದಲಾಲರು, ಹಮಾಲರು, ಗುಮಾಸ್ತರು ಕೂಡಿ ಎಪಿಎಂಸಿ ಅಂಗಳದಲ್ಲೇ ಕಲಿಯಲಿ. 2024ರ ಮಾರ್ಚ್ 11ರಂದು ದರ ಕುಸಿದ ಸಿಟ್ಟಿಗೆ ಅದೇ ಅಂಗಳದಲ್ಲಿ ಗಾಡಿಗಳು ಹೊತ್ತಿ ಉರಿದದ್ದನ್ನು ನೋಡಿದವರಿಗೆ, ಸಾವಿರಾರು ಜನ ಸೇರುವ ಜಾಗದಲ್ಲಿ ಯಾವಾಗ ಏನಾದೀತೆಂದು ಬೇರೆ ಹೇಳಬೇಕಾಗಿಲ್ಲ.

ರಾಣೆಬೆನ್ನೂರಿನಲ್ಲಿ ಬೀಜದ ಕಂಪನಿಗಳು, ಗೋದಾಮುಗಳು, ಅಂಗಡಿ ಸಾಲುಗಳು. ಅಲ್ಲಿಯ ವರ್ತಕರು ಓಣಿಗೆ ನಾಲ್ವರಂತೆ ಹೆಸರು ಕೊಡಲಿ. ಹೆದ್ದಾರಿಯ ಮಗ್ಗುಲಿನ ಧಾಬಾ, ಪಂಕ್ಚರ್ ಅಂಗಡಿ, ಪೆಟ್ರೋಲ್ ಬಂಕಿನವರನ್ನಂತೂ ಮೊದಲ ತಂಡಕ್ಕೇ ಸೇರಿಸಬೇಕು. ಮೋಟೆಬೆನ್ನೂರಿನಿಂದ ಆಚೆ-ಈಚೆ ರಾತ್ರಿ ಎರಡು ಗಂಟೆಗೆ ಎಚ್ಚರ ಇರುವವರು ಅವರೇ.

ಮತ್ತು ವಾಚಕರೇ, ನಿಮಗೂ ಒಂದು ಕೆಲಸ. ಮುಂದಿನ ಸಲ ‘ಪ್ರಥಮ ಚಿಕಿತ್ಸೆ ತರಬೇತಿ ಶಿಬಿರ, ಎಲ್ಲರಿಗೂ ಸ್ವಾಗತ’ ಎಂದು ಯಾರಾದರೂ ಕರಪತ್ರ ಕೊಟ್ಟರೆ, ಅಲ್ಲೇ ನಿಲ್ಲಿಸಿ ನಾಲ್ಕು ಪ್ರಶ್ನೆ ಕೇಳಿ. ಬೊಂಬೆ ಎಷ್ಟು? ಮಂದಿ ಎಷ್ಟು? ನನ್ನ ಕೈಗೆ ಎಷ್ಟು ನಿಮಿಷ? ಮತ್ತೆ ಯಾವಾಗ? ನಾಲ್ಕಕ್ಕೂ ಉತ್ತರ ಬಂದರೆ ಅಂಗಡಿ ಮುಚ್ಚಿಯಾದರೂ ಹೋಗಿ. ಬಾರದಿದ್ದರೆ, ‘ಅಣ್ಣಾರ, ಮೊದಲ ಬೊಂಬಿ ತರ್ರಿ, ಆಮ್ಯಾಲೆ ನಮ್ಮನ್ನ ಕರೀರಿ’ ಎಂದು ಕಳಿಸಿ.

ನಮ್ಮ ಸಾವ್ಕಾರರಿಗೆ ಆ ದಿನ ಕೈ ಎಲ್ಲಿಡಬೇಕೆಂದು ಅಕ್ಕಿ ಚೀಲದ ಮೇಲೆ ತೋರಿಸಿದೆವು. ಗಲ್ಲೆಯಿಂದ ಎದ್ದು ಬಂದು ಒತ್ತಿದರು. ನಾವು ಗಡಿಯಾರ ಹಿಡಿದು ನಿಂತೆವು. ಒಂದು ನಿಮಿಷಕ್ಕೆ ಹಣೆಯ ಮೇಲೆ ಬೆವರು.

‘ಅಯ್ಯ, ಇದು ಇಷ್ಟ್ ಕೆಲಸ ಐತೇನ್ರಿ?’ ಎಂದರು.

ಚೀಲ ಬೊಂಬೆಯಾಗಲಾರದು, ನಾವು ತರಬೇತುದಾರರೂ ಅಲ್ಲ. ಆದರೂ ಅಷ್ಟರ ಮಟ್ಟಿಗೆ ಅವರ ತರಬೇತಿ ಆ ದಿನವೇ ಶುರುವಾಯಿತು. ಗೋಡೆಯ ಮೇಲಿನ ಸರ್ಟಿಫಿಕೇಟಿನ ತಾರೀಖು ಮಾತ್ರ ಎರಡು ತಿಂಗಳು ಹಿಂದಿನದು.